ಜೋಳದ ನಾಡಿನಲ್ಲಿ ಗೋಧಿ ಬಿಟ್ಟು ಬದುಕುವುದು: ಸೀಲಿಯಾಕ್ ಇರುವವರಿಗೊಂದು ಮಾರ್ಗದರ್ಶಿ

ಸೀಲಿಯಾಕ್ ಕಾಯಿಲೆ ಎಂದು ವೈದ್ಯರು ಚೀಟಿಯಲ್ಲಿ ಬರೆದುಕೊಟ್ಟರೆ ಪಂಜಾಬಿನ ಮನೆಯೊಂದರಲ್ಲಿ ಎರಡು ಹೊತ್ತಿನ ಊಟವೂ ಬದಲಾಗಬೇಕಾಗುತ್ತದೆ. ಕಲಬುರಗಿಯಲ್ಲಿ ಅಂಥ ಪ್ರಸಂಗವಿಲ್ಲ. ಜೋಳದ ರೊಟ್ಟಿ, ಉದುರು ಬೇಳೆ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು ಎಂಬ ನಮ್ಮ ನಿತ್ಯದ ಊಟದಲ್ಲಿ ಈ ಕಾಯಿಲೆಗೆ ಆಗದ ಗ್ಲುಟೆನ್ ಎಂಬ ಅಂಶ ಮೂಲತಃ ಇಲ್ಲವೇ ಇಲ್ಲ. ಆದರೂ ಪಥ್ಯ ಹಿಡಿದ ಕೆಲವರಿಗೆ ಹೊಟ್ಟೆಯುಬ್ಬರ ನಿಲ್ಲುವುದಿಲ್ಲ, ರಕ್ತ ಏರುವುದಿಲ್ಲ. ತಟ್ಟೆಯಿಂದ ಹೊರಹೋದ ಗೋಧಿ ಗಿರಣಿಯ ಕಲ್ಲಿನಲ್ಲಿ, ತವೆಯ ಮೇಲೆ, ಇಂಗಿನ ಡಬ್ಬಿಯಲ್ಲಿ, ಬೀಗರ ಒತ್ತಾಯದಲ್ಲಿ ಉಳಿದುಕೊಂಡಿರುವುದೇ ಇದಕ್ಕೆ ಹೆಚ್ಚಿನ ಸಲ ಕಾರಣ. ಹಾಗಾಗಿ ನಮ್ಮ ಭಾಗದವರು ಹೊಸ ಊಟ ಹುಡುಕುವುದಕ್ಕಿಂತ ಹಳೆಯ ಊಟಕ್ಕೆ ಗೋಧಿ ತಾಗದಂತೆ ನೋಡಿಕೊಳ್ಳುವುದನ್ನು ಕಲಿಯಬೇಕು.

ಇದು ಅಲರ್ಜಿಯಲ್ಲ, ಅಜೀರ್ಣವೂ ಅಲ್ಲ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಹೊಟ್ಟೆಗೆ ಹೋದಾಗ ದೇಹದ ರೋಗನಿರೋಧಕ ವ್ಯವಸ್ಥೆಯೇ ಸಣ್ಣಕರುಳಿನ ಒಳಪದರದ ಮೇಲೆ ತಿರುಗಿಬೀಳುತ್ತದೆ. ಆಹಾರದ ಸತ್ವ ಹೀರುವ ಬೆರಳಿನಂಥ ಸೂಕ್ಷ್ಮ ರಚನೆಗಳು ಸವೆದು ಚಪ್ಪಟೆಯಾಗುತ್ತವೆ. ಆಗ ಎಷ್ಟು ತಿಂದರೂ ಕಬ್ಬಿಣ, ಕ್ಯಾಲ್ಸಿಯಂ, ಫೋಲಿಕ್ ಆಮ್ಲ ಮೈಗೆ ಹತ್ತುವುದಿಲ್ಲ. ಗೋಧಿಯೇ ಇದಕ್ಕೆ ಮೂಲವೆಂದು ತೋರಿಸಿದವರು ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ. ಅವರ ಪ್ರಬಂಧ 1950ರಲ್ಲಿ ಬಂತು. ಅಂದಿನಿಂದ ಇಂದಿನವರೆಗೂ ಚಿಕಿತ್ಸೆ ಒಂದೇ: ಜೀವಮಾನವಿಡೀ ಗ್ಲುಟೆನ್ ಬಿಡುವುದು.

ಮೊದಲು ಪರೀಕ್ಷೆ, ಆಮೇಲೆ ಪಥ್ಯ

ಅನುಮಾನ ಬಂದೊಡನೆ ಚಪಾತಿ ಬಿಟ್ಟುಬಿಡುವವರೇ ಹೆಚ್ಚು. ದಯವಿಟ್ಟು ಹಾಗೆ ಮಾಡಬೇಡಿ. ಗೋಧಿ ಬಿಟ್ಟ ಮೇಲೆ ರಕ್ತದಲ್ಲಿನ ಪ್ರತಿಕಾಯಗಳು ಇಳಿಯುತ್ತವೆ, ಕರುಳು ಮಾಯತೊಡಗುತ್ತದೆ, ಪರೀಕ್ಷೆಯಲ್ಲಿ ಏನೂ ಕಾಣದೆ ಹೋಗಬಹುದು. ಮೊದಲು ಮಾಡಿಸಬೇಕಾದದ್ದು ಟಿಟಿಜಿ-ಐಜಿಎ ಎಂಬ ರಕ್ತಪರೀಕ್ಷೆ. ಅದರ ಜೊತೆಗೆ ಐಜಿಎ ಎಂಬ ಬಗೆಯ ಪ್ರತಿಕಾಯದ ಒಟ್ಟು ಪ್ರಮಾಣವನ್ನೂ ನೋಡಲು ಹೇಳಿ, ಏಕೆಂದರೆ ಕೆಲವರಲ್ಲಿ ಐಜಿಎ ಹುಟ್ಟಿನಿಂದಲೇ ಕಡಿಮೆ ಇರುತ್ತದೆ. ಅಂಥವರಿಗೆ ಕಾಯಿಲೆ ಇದ್ದರೂ ಮೊದಲ ಪರೀಕ್ಷೆ ಇಲ್ಲವೆಂದೇ ಹೇಳುತ್ತದೆ. ರಕ್ತಪರೀಕ್ಷೆಯಲ್ಲಿ ಕಂಡುಬಂದರೆ ಎಂಡೋಸ್ಕೋಪಿ ಮಾಡಿ ಸಣ್ಣಕರುಳಿನ ಆರಂಭದ ಭಾಗದಿಂದ ನಾಲ್ಕೈದು ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಮಕ್ಕಳಲ್ಲಿ ಪ್ರತಿಕಾಯದ ಪ್ರಮಾಣ ತೀರಾ ಹೆಚ್ಚಿದ್ದರೆ ಬಯಾಪ್ಸಿ ಇಲ್ಲದೆಯೂ ತೀರ್ಮಾನಿಸುವುದುಂಟು. ಅದು ತಜ್ಞ ವೈದ್ಯರಿಗೆ ಬಿಟ್ಟದ್ದು.

ಜೋಳ ಉಣ್ಣುವವರು ಇಲ್ಲಿ ಇನ್ನೊಂದು ಮಾತನ್ನು ನೆನಪಿಡಬೇಕು. ವಾರಕ್ಕೊಮ್ಮೆ ಚಪಾತಿ, ಹಬ್ಬಕ್ಕೊಮ್ಮೆ ಹೋಳಿಗೆ ತಿನ್ನುವವರ ದೇಹಕ್ಕೆ ಪರೀಕ್ಷೆಗೆ ಬೇಕಾದಷ್ಟು ಗೋಧಿ ಹೋಗಿರುವುದೇ ಇಲ್ಲ. ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿಯ ಪ್ರಕಾರ, ಪರೀಕ್ಷೆಗೆ ಮುನ್ನ ಕನಿಷ್ಠ ಆರು ವಾರ ದಿನಕ್ಕೆ ಒಂದಕ್ಕಿಂತ ಹೆಚ್ಚು ಊಟದಲ್ಲಿ ಗ್ಲುಟೆನ್ ಇರಬೇಕು. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಆಸ್ಪತ್ರೆಗಳಲ್ಲಿ ಎಲ್ಲಿಗೇ ಹೋಗಿ, ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗಿ, ‘ನಾನು ದಿನವೂ ಉಣ್ಣುವುದು ಜೋಳ, ಗೋಧಿ ಇಷ್ಟೇ’ ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಅವರಾಗಿ ಕೇಳುತ್ತಾರೆಂದು ಕಾಯಬೇಡಿ.

ಅನುಮಾನ ಯಾವಾಗ ಬರಬೇಕು? ಬಿಡದೆ ಕಾಡುವ ಭೇದಿ, ಹೊಟ್ಟೆಯುಬ್ಬರ ಎಲ್ಲರಿಗೂ ಗೊತ್ತು. ಆದರೆ ಭೇದಿಯೇ ಇಲ್ಲದ ಸೀಲಿಯಾಕ್ ಕೂಡ ಇದೆ. ಕಬ್ಬಿಣದ ಮಾತ್ರೆ ತಿಂಗಳುಗಟ್ಟಲೆ ನುಂಗಿದರೂ ಹಿಮೋಗ್ಲೋಬಿನ್ ಏರದ ಹೆಣ್ಣುಮಕ್ಕಳು, ಓರಗೆಯವರಿಗಿಂತ ಕುಳ್ಳಗೆ ಉಳಿದ ಮಕ್ಕಳು, ಮತ್ತೆ ಮತ್ತೆ ಬರುವ ಬಾಯಿಹುಣ್ಣು, ಸಣ್ಣ ಪೆಟ್ಟಿಗೂ ಮುರಿಯುವ ಮೂಳೆ, ಮೊಣಕೈ ಮೊಣಕಾಲಿನ ಮೇಲೆ ತೀವ್ರ ತುರಿಕೆಯ ಗುಳ್ಳೆಗಳು, ಇವೂ ಅದರ ಮುಖಗಳೇ. ಟೈಪ್ 1 ಮಧುಮೇಹ ಅಥವಾ ಥೈರಾಯ್ಡ್‌ನ ಸ್ವಯಂನಿರೋಧಕ ಕಾಯಿಲೆ ಇದ್ದವರಲ್ಲಿ ಇದು ಇನ್ನಷ್ಟು ಸಾಮಾನ್ಯ. ದಕ್ಷಿಣದಲ್ಲಿ ಈ ಕಾಯಿಲೆ ಅಪರೂಪ ಎಂಬುದು ಸುಳ್ಳಲ್ಲ. 2016ರಲ್ಲಿ ಪ್ರಕಟವಾದ, ದೇಶದ ಮೂರು ಪ್ರದೇಶಗಳ ವಯಸ್ಕರನ್ನು ಪರೀಕ್ಷಿಸಿದ ಅಧ್ಯಯನದಲ್ಲಿ ಉತ್ತರದಲ್ಲಿ ಶೇ. 1.23, ಈಶಾನ್ಯದಲ್ಲಿ ಶೇ. 0.87, ದಕ್ಷಿಣದಲ್ಲಿ ಶೇ. 0.10 ಎಂಬ ಲೆಕ್ಕ ಬಂದಿತ್ತು. ಅಪರೂಪವಾದದ್ದು ಬೇಗ ಕಣ್ಣಿಗೆ ಬೀಳುವುದಿಲ್ಲ. ಪರೀಕ್ಷೆ ಕೇಳಿ ಮಾಡಿಸಿಕೊಳ್ಳಬೇಕಾದದ್ದು ಅದಕ್ಕೇ.

ಏನು ಹೋಗುತ್ತದೆ, ಏನು ಉಳಿಯುತ್ತದೆ

ಹೋಗುವುದು: ಗೋಧಿ ಹಿಟ್ಟು, ಮೈದಾ, ರವೆ, ಶಾವಿಗೆ, ಸಜ್ಜಕ, ಗೋಧಿ ಹುಗ್ಗಿ, ಮಾದಲಿ, ಹೋಳಿಗೆಯ ಕನಕ, ಬ್ರೆಡ್ಡು, ಬನ್ನು, ಬಿಸ್ಕತ್ತು, ಬಾರ್ಲಿ ನೀರು, ನಮ್ಮ ಊರಿನ ಮಾಲ್ಪುರಿ. ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಈಚೆಗೆ ಎಲ್ಲರೂ ಕೊಳ್ಳುತ್ತಿರುವ ಜವೆಗೋಧಿ, ಖಪ್ಲಿ ಗೋಧಿ ಕೂಡ ಗೋಧಿಯೇ. ‘ನಾಟಿ ತಳಿ, ಏನೂ ಆಗುವುದಿಲ್ಲ’ ಎಂಬ ಮಾತು ಈ ಕಾಯಿಲೆಯಲ್ಲಿ ನಡೆಯುವುದಿಲ್ಲ. ಓಟ್ಸ್‌ನಲ್ಲಿ ಗೋಧಿ ಬೆರೆತಿರುವ ಸಂಭವ ಹೆಚ್ಚು, ಗ್ಲುಟೆನ್ ಮುಕ್ತ ಎಂದು ಬರೆದಿದ್ದರೂ ಮೊದಲ ವರ್ಷ ಅದರ ಗೊಡವೆ ಬೇಡ.

ಉಳಿಯುವುದು: ಜೋಳ, ಸಜ್ಜೆ, ಅಕ್ಕಿ, ರಾಗಿ, ನವಣೆ, ಮೆಕ್ಕೆಜೋಳ, ಎಲ್ಲ ಬೇಳೆಕಾಳು, ಅವಲಕ್ಕಿ, ಮಂಡಕ್ಕಿ, ಸಾಬುದಾಣಿ, ತರಕಾರಿ, ಸೊಪ್ಪು, ಹಾಲು, ಮೊಟ್ಟೆ, ಮಾಂಸ. 2019ರಲ್ಲಿ ಭೌಗೋಳಿಕ ಸೂಚಕ ಪಡೆದ ನಮ್ಮ ಕಲಬುರಗಿ ತೊಗರಿಬೇಳೆ ಈ ಪಥ್ಯದ ಬೆನ್ನೆಲುಬು. ಪುಂಡಿಪಲ್ಯಕ್ಕೆ ಜೋಳದ ನುಚ್ಚು ಹಾಕುವ ರೂಢಿ ನಮ್ಮದು. ಕೆಲವರು ಗೋಧಿ ನುಚ್ಚು ಹಾಕುತ್ತಾರೆ, ಅಲ್ಲಿ ಎಚ್ಚರ ಬೇಕು. ರೋಗ ಪತ್ತೆಯಾದ ಹೊಸದರಲ್ಲಿ ಹಾಲು ಕುಡಿದರೆ ಹೊಟ್ಟೆ ಕೆಡಬಹುದು. ಹಾಲಿನ ಸಕ್ಕರೆಯನ್ನು ಅರಗಿಸುವ ಪದರವೂ ಸವೆದಿರುತ್ತದೆ. ಕೆಲವು ತಿಂಗಳು ಮೊಸರು, ಮಜ್ಜಿಗೆಯಲ್ಲಿ ಕಳೆಯಿರಿ, ಕರುಳು ಮಾದಂತೆ ಹಾಲೂ ಒಗ್ಗುತ್ತದೆ.

ದುಬಾರಿ ಗ್ಲುಟೆನ್ ಮುಕ್ತ ಹಿಟ್ಟು, ಪಾಸ್ತಾ ತರಿಸಿಕೊಳ್ಳಬೇಕೇ ಎಂದು ಹಲವರು ಕೇಳುತ್ತಾರೆ. ಬಿಳಿಜೋಳ ಮನೆಯಲ್ಲಿರುವವರಿಗೆ ಅದು ದುಡ್ಡು ದಂಡ ಎಂಬುದು ನನ್ನ ಅಭಿಪ್ರಾಯ. ಆ ದುಡ್ಡನ್ನು ಕೂಡಿಸಿ ಮುಂದೆ ಹೇಳುವ ಒಂದು ಯಂತ್ರ ಕೊಳ್ಳಿ.

ಗಿರಣಿಯೇ ದೊಡ್ಡ ಗಂಡಾಂತರ

ಒಂದು ಸಲ ಗಿರಣಿಯಲ್ಲಿ ನಿಂತು ಗಮನಿಸಿ. ನಿಮ್ಮ ಮುಂದಿನವರ ಗೋಧಿ ಮುಗಿಯುತ್ತಿದ್ದಂತೆ ಗಿರಣಿಯವರು ಕಲ್ಲು ನಿಲ್ಲಿಸದೆಯೇ ನಿಮ್ಮ ಜೋಳ ಸುರಿಯುತ್ತಾರೆ. ಹಿಟ್ಟು ಬೀಳುವ ಬಾಯಿಗೆ ಕಟ್ಟಿದ ಬಟ್ಟೆಯ ಕೊಳವೆಯನ್ನು ಎರಡು ಸಲ ಕೈಯಿಂದ ಬಡಿಯುತ್ತಾರೆ, ಅಷ್ಟೇ. ಮೊದಲ ಹಿಡಿ ಹಿಟ್ಟು ತುಸು ಕೆಂಪಗೆ, ಆಮೇಲಿನದು ಬೆಳ್ಳಗೆ ಬೀಳುತ್ತದೆ. ಆ ಕೆಂಪು ಎಂದರೆ ಗೋಧಿ. ಕಲ್ಲಿನ ಸಂದಿನಲ್ಲಿ, ಬಟ್ಟೆಯ ಮಡಿಕೆಯಲ್ಲಿ, ಗೋಡೆ, ತಕ್ಕಡಿ, ಗಿರಣಿಯವರ ಹುಬ್ಬಿನ ಮೇಲೂ ಅದೇ ಧೂಳು.

ಇಷ್ಟರಿಂದ ಏನಾಗುತ್ತದೆ ಎಂಬ ಪ್ರಶ್ನೆಗೆ ಅಂಕಿಯಲ್ಲೇ ಉತ್ತರವಿದೆ. ಇಟಲಿಯ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಹೊಟ್ಟೆಗೆ ಹೋದರೆ ರೋಗಿಗಳ ಕರುಳು ಮತ್ತೆ ಹಾಳಾಗುವುದು ಕಂಡುಬಂತು. ಒಂದು ಚಪಾತಿಯಲ್ಲಿ ಸುಮಾರು ಎರಡೂವರೆ ಗ್ರಾಂ ಗ್ಲುಟೆನ್ ಇರುತ್ತದೆ. ಅಂದರೆ ಚಪಾತಿಯನ್ನು ಐವತ್ತು ಪಾಲು ಮಾಡಿ ಅದರಲ್ಲೊಂದು ಪಾಲು ದಿನವೂ ತಿಂದರೆ ಸಾಕು. ಬೇಯಿಸಿದರೂ ಕರಿದರೂ ಗ್ಲುಟೆನ್ ಸಾಯುವುದಿಲ್ಲ.

ದಾರಿಗಳು ಹಲವಿವೆ, ಒಳ್ಳೆಯದರಿಂದ ಶುರುಮಾಡುತ್ತೇನೆ. ಮನೆಗೊಂದು ಸಣ್ಣ ವಿದ್ಯುತ್ ಹಿಟ್ಟಿನ ಗಿರಣಿ ತಂದು ಅದರಲ್ಲಿ ಗೋಧಿಯನ್ನು ಎಂದೂ ಹಾಕದಿರುವುದು ಎಲ್ಲಕ್ಕಿಂತ ಮೇಲು. ಹೊಸದನ್ನೇ ತನ್ನಿ, ಬಳಸಿದ್ದು ಬೇಡ. ಅದು ಕೈಗೆಟುಕದಿದ್ದರೆ ಅಟ್ಟದ ಮೇಲಿರುವ ಬೀಸುಕಲ್ಲನ್ನು ಇಳಿಸಿ, ತೊಳೆದು ಬಿಸಿಲಿಗಿಡಿ. ಒಬ್ಬರಿಗೆ ಎರಡು ಹೊತ್ತಿನ ರೊಟ್ಟಿಗೆ ಬೀಸುವುದು ತ್ರಾಸದ ಕೆಲಸ, ಆದರೆ ಆಗದ ಕೆಲಸವಲ್ಲ. ಮೂರನೆಯದು, ಜೋಳಕ್ಕೆಂದೇ ಬೇರೆ ಕಲ್ಲು ಇಟ್ಟಿರುವ ಗಿರಣಿ ಹುಡುಕುವುದು. ದೊಡ್ಡ ಗಿರಣಿಗಳಲ್ಲಿ ಜೋಳ, ಗೋಧಿ, ಖಾರ ಮೂರಕ್ಕೂ ಬೇರೆ ಬೇರೆ ಯಂತ್ರ ಇರುವುದುಂಟು. ಬೆಳಿಗ್ಗೆ ಬಾಗಿಲು ತೆರೆದೊಡನೆ, ಧೂಳು ಏಳುವ ಮೊದಲೇ ಹೋಗಿ. ಇದಾವುದೂ ಸಾಧ್ಯವಿಲ್ಲದವರು ಎರಡು ಕಿಲೋ ಜೋಳವನ್ನು ಮೊದಲು ಬೀಸಿಸಿ, ಆ ಹಿಟ್ಟನ್ನು ಮನೆಯ ಉಳಿದವರಿಗಿಟ್ಟು, ಆಮೇಲೆ ಬಿದ್ದದ್ದನ್ನು ರೋಗಿಯ ಡಬ್ಬಿಗೆ ತುಂಬಿಸಿಕೊಳ್ಳಿ. ಇದರಿಂದ ಗೋಧಿಯ ಅಂಶ ಕಡಿಮೆಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಹಾಗಾಗಿ ಅದನ್ನು ಖಾಯಂ ಮಾಡಿಕೊಳ್ಳಬೇಡಿ.

ಕಾಳಿನಲ್ಲೇ ಬೆರಕೆ ಇರಬಹುದು ಎಂಬುದನ್ನು ಪಟ್ಟಣದವರು ಮರೆಯುತ್ತಾರೆ. ನಮ್ಮಲ್ಲಿ ಹಿಂಗಾರಿನಲ್ಲಿ ಬಿಳಿಜೋಳ, ಕಡಲೆ, ಗೋಧಿ ಒಂದೇ ಹಂಗಾಮಿನ ಬೆಳೆಗಳು. ರಾಶಿ ಮಾಡುವ ಯಂತ್ರವೂ ಹಲವು ಕಡೆ ಒಂದೇ. ಮೊರದಲ್ಲಿ ಹರವಿ ಕೇರಿದರೆ ಮಾಲದಂಡಿ ಜೋಳದ ದುಂಡು ಮುತ್ತಿನ ನಡುವೆ ಉದ್ದ ಗೆರೆಯ ಗೋಧಿ ಕಾಳು ತಾನಾಗಿ ಎದ್ದು ಕಾಣುತ್ತದೆ. ಆರಿಸಿ, ತೊಳೆದು, ಒಣಗಿಸಿಯೇ ಬೀಸಿ. ಕಡಲೆಹಿಟ್ಟನ್ನೂ ಕೊಳ್ಳದೆ ಬೇಳೆ ತಂದು ಮನೆಯಲ್ಲೇ ಮಾಡಿಕೊಂಡರೆ ಝುಣಕ ನಿಶ್ಚಿಂತೆಯಿಂದ ಉಣ್ಣಬಹುದು.

ಇನ್ನು ರೊಟ್ಟಿ ಬಡಿಯುವ ಕೈಗಳ ವಿಚಾರ. ಜೋಳದಲ್ಲಿ ಗ್ಲುಟೆನ್ ಇಲ್ಲದ್ದರಿಂದ ಹಿಟ್ಟು ತಾನಾಗಿ ಜಿಗುಟು ಹಿಡಿಯುವುದಿಲ್ಲ. ಕುದಿಯುವ ಎಸರು ಹಾಕಿ ಪಿಷ್ಟವನ್ನು ಬೇಯಿಸಿ ಜಿಗುಟು ತರಬೇಕು. ಹಿಟ್ಟು ಹಳತಾದರೆ ರೊಟ್ಟಿಯ ಅಂಚು ಬಿರಿಯುತ್ತದೆ, ಆಗ ಒಂದು ಹಿಡಿ ಗೋಧಿ ಹಿಟ್ಟು ಸೇರಿಸುವ ಉಪಾಯ ಅನೇಕ ಮನೆಗಳಲ್ಲಿದೆ. ಮನೆಗೆ ರೊಟ್ಟಿ ಮಾಡಲು ಬರುವ ಅಕ್ಕನಿಗೆ ಇದನ್ನು ಬಿಡಿಸಿ ಹೇಳಿ. ಹಿಟ್ಟನ್ನು ಹತ್ತು ಹದಿನೈದು ದಿನಕ್ಕಾಗುವಷ್ಟೇ ಬೀಸಿಸಿದರೆ ಆ ಉಪಾಯದ ಅಗತ್ಯವೇ ಬೀಳುವುದಿಲ್ಲ.

ಒಂದೇ ಒಲೆ, ಎರಡು ತವೆ

ಇಡೀ ಮನೆ ಗೋಧಿ ಬಿಡಬೇಕಾಗಿಲ್ಲ. ಆದರೆ ರೋಗಿಗೆಂದು ಬೇರೆ ತವೆ, ಬೇರೆ ಪರಾತ, ಬೇರೆ ಜರಡಿ, ಬೇರೆ ಒರೆಸುವ ಬಟ್ಟೆ ಬೇಕು. ಮರದ ಮಣೆ, ಲಟ್ಟಣಿಗೆ, ಜರಡಿಗಳ ಸಂದಿನಿಂದ ಹಿಟ್ಟು ಪೂರ್ತಿ ಹೋಗುವುದಿಲ್ಲ. ಸ್ಟೀಲ್ ಪಾತ್ರೆಯಾದರೆ ಚೆನ್ನಾಗಿ ತೊಳೆದರೆ ಸಾಕು. ಎರಡೂ ಮಾಡುವ ದಿನ ಜೋಳದ ರೊಟ್ಟಿ ಮೊದಲು, ಚಪಾತಿ ಆಮೇಲೆ. ಪೂರಿ ಕರಿದ ಎಣ್ಣೆಯಲ್ಲಿ ಹಪ್ಪಳ ಕರಿಯಬೇಡಿ. ಉಪ್ಪಿನಕಾಯಿ, ತುಪ್ಪ, ಹಿಂಡಿಯ ಡಬ್ಬಿಗೆ ಚಪಾತಿ ಮುರಿದ ಕೈ ಹೋಗದಂತೆ ರೋಗಿಯ ಪಾಲನ್ನು ಮೊದಲೇ ತೆಗೆದಿಡಿ. ಸೊಸೆಯೋ ಮಗಳೋ ರೋಗಿಯಾಗಿದ್ದು, ಮನೆಮಂದಿಗೆಲ್ಲ ಚಪಾತಿ ಲಟ್ಟಿಸುವ ಕೆಲಸವೂ ಅವಳ ಮೇಲೆಯೇ ಇರುವುದನ್ನು ಕಂಡಿದ್ದೇನೆ. ಹಿಟ್ಟಿನ ಧೂಳಿನಲ್ಲಿ ದಿನವೂ ನಿಲ್ಲುವುದು ಅವಳಿಗೆ ಒಳ್ಳೆಯದಲ್ಲ. ಆ ಕೆಲಸ ಇನ್ನೊಬ್ಬರು ಮಾಡಲಿ, ಗಂಡಸರಿಗೂ ಕೈಗಳಿವೆ.

ಇಂಗಿನ ಬಗ್ಗೆ ಯಾರೂ ಹೇಳುವುದಿಲ್ಲ. ಅಂಗಡಿಯಲ್ಲಿ ಸಿಗುವ ಪುಡಿ ಇಂಗು ಶುದ್ಧ ಇಂಗಲ್ಲ. ಅಂಟು, ಹಿಟ್ಟು ಸೇರಿಸಿ ಮಾಡಿದ ಮಿಶ್ರಣ, ಬಹಳಷ್ಟರಲ್ಲಿ ಆ ಹಿಟ್ಟು ಗೋಧಿಯದೇ. ಬೇಳೆ, ಸಾರು, ಉಪ್ಪಿನಕಾಯಿ, ಮಂಡಕ್ಕಿ ಸುಸಲಾದ ಒಗ್ಗರಣೆ ಎಲ್ಲದರಲ್ಲೂ ಅದು ಬೀಳುತ್ತದೆ. ಡಬ್ಬಿಯ ಹಿಂದೆ ಓದಿ, ಅಕ್ಕಿ ಹಿಟ್ಟಿನದ್ದನ್ನೇ ತನ್ನಿ. ಸಿಗದಿದ್ದರೆ ಬೆಳ್ಳುಳ್ಳಿ ಒಗ್ಗರಣೆ ಹಾಕಿ. ನಮ್ಮ ಬೇಳೆಗೆ ಅದೇ ಹೆಚ್ಚು ಹೊಂದುತ್ತದೆ.

ಪೊಟ್ಟಣದ ಮೇಲೆ ‘ಸಿರಿಧಾನ್ಯ’, ‘ರಾಗಿ’, ‘ಮಲ್ಟಿಗ್ರೇನ್’ ಎಂದು ದಪ್ಪಕ್ಷರದಲ್ಲಿ ಇದ್ದರೆ ನಂಬಬೇಡಿ. ತಿರುಗಿಸಿ ನೋಡಿದರೆ ಹಲವು ಸಲ ಮೊದಲ ಸಾಲಿನಲ್ಲೇ ಮೈದಾ ಇರುತ್ತದೆ. ಮಾಲ್ಟ್ ಎಂದರೆ ಹೆಚ್ಚಾಗಿ ಬಾರ್ಲಿ. ಮಕ್ಕಳಿಗೆ ಹಾಲಿಗೆ ಹಾಕುವ ಪುಡಿಗಳಲ್ಲಿ ಇದು ಸಾಮಾನ್ಯ. ಸೋಯಾ ಸಾಸ್‌ನಲ್ಲೂ ಗೋಧಿ ಇರುತ್ತದೆ, ಹಾಗಾಗಿ ಗಾಡಿಯ ಗೋಬಿ ಮಂಚೂರಿಗೆ ಕೈಮುಗಿಯಿರಿ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಂತೆ ಒಂದು ಕಿಲೋದಲ್ಲಿ 20 ಮಿಲಿಗ್ರಾಂ ಮೀರದಿದ್ದರೆ ಮಾತ್ರ ‘ಗ್ಲುಟೆನ್ ಮುಕ್ತ’ ಎಂದು ಬರೆಯಬಹುದು. ‘ಗೋಧಿ ಇಲ್ಲ’ ಎಂಬ ಬರಹಕ್ಕೂ ಇದಕ್ಕೂ ವ್ಯತ್ಯಾಸವಿದೆ.

ಮನೆಯ ಹೊರಗೆ

ಖಾನಾವಳಿಯಲ್ಲಿ ಜೋಳದ ರೊಟ್ಟಿ ಸಿಗುತ್ತದೆ ನಿಜ, ಆದರೆ ಅದೇ ತವೆಯ ಮೇಲೆ ಚಪಾತಿಯೂ ಬೇಯುತ್ತಿರುತ್ತದೆ. ಕೇಳಿ ನೋಡಿ, ಅನುಮಾನವಿದ್ದರೆ ಅನ್ನ, ಮೊಸರು, ಬಾಳೆಹಣ್ಣಿನಲ್ಲಿ ಹೊತ್ತು ಕಳೆಯಿರಿ. ಇಡ್ಲಿ ಬಹುತೇಕ ಸುರಕ್ಷಿತ, ರವೆ ಇಡ್ಲಿ ಅಲ್ಲ. ದೋಸೆ ಹಿಟ್ಟಿಗೆ ರವೆ, ಮೈದಾ ಸೇರಿಸುವವರಿದ್ದಾರೆ. ಸುಸಲಾ ತಿನ್ನಬಹುದು, ಜೊತೆಗೆ ಕೊಡುವ ಮಿರ್ಚಿ ಭಜಿಯ ಎಣ್ಣೆಯಲ್ಲಿ ಇನ್ನೇನೇನು ಕರಿದಿದ್ದಾರೋ ದೇವರಿಗೇ ಗೊತ್ತು. ತಹಾರಿ, ಬಿರಿಯಾನಿ ಅಕ್ಕಿಯವು. ರಂಜಾನ್ ತಿಂಗಳ ಹಲೀಮ್ ಮಾತ್ರ ಕುಟ್ಟಿದ ಗೋಧಿಯದು, ಶೀರ್ ಖುರ್ಮಾ ಶಾವಿಗೆಯದು.

ಪ್ರಯಾಣಕ್ಕೆ ಕಡಕ್ ರೊಟ್ಟಿಯನ್ನು ಮೀರಿಸಿದ್ದಿಲ್ಲ. ಒಂದು ಕಟ್ಟು ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ ಇದ್ದರೆ ಮುಂಬಯಿಗೂ ಚೆನ್ನೈಗೂ ರೈಲಿನಲ್ಲಿ ಹೋಗಿಬರಬಹುದು. ಮಹಿಳಾ ಸಂಘಗಳು ‘ಕಲಬುರಗಿ ರೊಟ್ಟಿ’ ಹೆಸರಿನಲ್ಲಿ ಮಾರುತ್ತಿರುವ ಪೊಟ್ಟಣಗಳೂ ಈಗ ಸಿಗುತ್ತವೆ. ಯಾರಿಂದಲೇ ಕೊಳ್ಳಿ, ಜೋಳ ಬೀಸುವುದೆಲ್ಲಿ, ಅಲ್ಲೇ ಚಪಾತಿಯನ್ನೂ ಮಾಡುತ್ತಾರೆಯೇ ಎಂಬ ಎರಡು ಪ್ರಶ್ನೆ ಕೇಳಿಯೇ ಕೊಳ್ಳಿ.

ಪ್ರಸಾದ ಎಲ್ಲಕ್ಕಿಂತ ಕಠಿಣ. ಜಾತ್ರೆಯ ದಾಸೋಹದಲ್ಲಿ ಗೋಧಿ ಹುಗ್ಗಿ, ಸಜ್ಜಕ ಬಡಿಸುತ್ತಾರೆ. ಬೀದರಿನ ನಾನಕ್ ಝೀರಾ ಗುರುದ್ವಾರದಲ್ಲಿ ಕೈಗೆ ಬೀಳುವ ಬೆಚ್ಚಗಿನ ಕಡಾ ಪ್ರಸಾದ ಗೋಧಿ ಹಿಟ್ಟು, ತುಪ್ಪ, ಸಕ್ಕರೆಯದು. ಬೇಡವೆನ್ನಲು ಮನಸ್ಸು ಬರುವುದಿಲ್ಲ. ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಟ್ಟು ಕೈ ತೊಳೆದುಕೊಳ್ಳಿ, ದೇವರು ಮುನಿಯುವುದಿಲ್ಲ. ನೆಂಟರ ಮನೆಯಲ್ಲಿ ‘ಒಂದು ತುತ್ತಿಗೆ ಏನಾಗುತ್ತದೆ’ ಎನ್ನುವ ಕಾಕು, ಅತ್ತೆಯಂದಿರಿಗೆ ಪ್ರತಿಕಾಯದ ಪಾಠ ಹೇಳಿ ಪ್ರಯೋಜನವಿಲ್ಲ. ‘ಪಥ್ಯ ಹಿಡಿದಿದ್ದೇನೆ, ಗೋಧಿ ಮುಟ್ಟುವ ಹಾಗಿಲ್ಲ’ ಎಂದರೆ ಮುಗಿಯಿತು. ಜೊತೆಗೆ ‘ನಿಮ್ಮ ಕೈಯ ಬೇಳೆ ಸಾಕು, ಇಂಗು ಹಾಕುವ ಮೊದಲು ಒಂದು ಬಟ್ಟಲು ತೆಗೆದಿಡಿ’ ಎಂದು ಹೇಳಿದರೆ ಅವರಿಗೂ ಸಮಾಧಾನ.

ಹಬ್ಬಗಳಲ್ಲಿ ಕಳೆದುಕೊಳ್ಳುವುದು ಅಂದುಕೊಂಡಷ್ಟಿಲ್ಲ. ಎಳ್ಳ ಅಮಾವಾಸ್ಯೆಯಂತೂ ನಿಮ್ಮದೇ ಹಬ್ಬ: ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ಕಡಬು, ಕಾಳು ಸೊಪ್ಪಿನ ಭಜ್ಜಿ, ಅಂಬಲಿ. ನಾಗರಪಂಚಮಿಯಲ್ಲಿ ಜೋಳದ ಅರಳು, ಶೇಂಗಾ ಉಂಡೆ, ಎಳ್ಳುಂಡೆ ಇವೆ. ರವೆ ಉಂಡೆ ಮಾತ್ರ ಬಿಡಬೇಕು. ಹೋಳಿಗೆಯ ದಿನ ಕನಕ ಕಲಸುವ ಮೊದಲೇ ಹೂರಣದ ಒಂದು ಪಾಲನ್ನು, ಕಟ್ಟಿನ ಸಾರಿನ ಕಟ್ಟನ್ನು ಬೇರೆ ತೆಗೆದಿಡಿ. ಬಿಸಿ ಹೂರಣಕ್ಕೆ ತುಪ್ಪ ಸುರಿದುಕೊಂಡು ಉಂಡವರು ಹೋಳಿಗೆಗೆ ಅಳುವುದಿಲ್ಲ.

ಮಕ್ಕಳು, ಮದುವೆ

ಶಾಲೆಯ ಬಿಸಿಯೂಟದಲ್ಲಿ ಅನ್ನ, ಸಾಂಬಾರು, ಮೊಟ್ಟೆ, ಬಾಳೆಹಣ್ಣು ಇರುತ್ತವೆ. ಸಾಂಬಾರಿನ ಇಂಗು, ಉಪ್ಪಿಟ್ಟಿನ ದಿನ ಮಾತ್ರ ತೊಂದರೆ. ವೈದ್ಯರ ಚೀಟಿಯ ನಕಲನ್ನು ಮುಖ್ಯೋಪಾಧ್ಯಾಯರಿಗೆ ಕೊಡಿ, ಅಡುಗೆಯ ಅಕ್ಕಂದಿರನ್ನು ಕಂಡು ಮಾತಾಡಿ. ಅಂಗನವಾಡಿಯಲ್ಲಿ ಪೌಷ್ಟಿಕ ಹಿಟ್ಟು ಕೊಟ್ಟರೆ ಅದರಲ್ಲಿ ಗೋಧಿ ಇದೆಯೇ ಎಂದು ಕೇಳಿ. ಮಗುವಿಗೆ ‘ಬೇಡ’ ಎನ್ನುವುದನ್ನು ಕಲಿಸುವಾಗ ಬದಲಿಗೆ ತಿನ್ನಲು ಜೇಬಿನಲ್ಲಿ ಶೇಂಗಾ ಚಿಕ್ಕಿಯನ್ನೂ ಇಡಿ.

ಹೆಣ್ಣುಮಗಳಿಗೆ ಈ ಕಾಯಿಲೆ ಇದ್ದರೆ ಸಂಬಂಧ ನೋಡುವಾಗ ಮುಚ್ಚಿಡುವವರಿದ್ದಾರೆ. ಇದು ಅಂಟುವುದಿಲ್ಲ, ಪಥ್ಯ ಸರಿಯಾಗಿದ್ದರೆ ಬಸಿರು ಬಾಣಂತನಕ್ಕೂ ಸಾಮಾನ್ಯವಾಗಿ ಅಡ್ಡಿಯಿಲ್ಲ. ಮುಚ್ಚಿಟ್ಟು ಮದುವೆ ಮಾಡಿದರೆ ಹೊಸ ಮನೆಯಲ್ಲಿ ಅವಳು ಎಲ್ಲರೊಡನೆ ಚಪಾತಿ ತಿಂದು ಮತ್ತೆ ಹಾಸಿಗೆ ಹಿಡಿಯುತ್ತಾಳೆ. ಮೊದಲೇ ಹೇಳಿ. ಒಪ್ಪದವರ ಮನೆ ಬೇಡವೇ ಬೇಡ.

ಲೆಕ್ಕ ಇಡಬೇಕಾದ ಪರೀಕ್ಷೆಗಳು

ಪಥ್ಯ ಹಿಡಿದ ಕೆಲವೇ ವಾರಗಳಲ್ಲಿ ಹೊಟ್ಟೆ ಹಗುರಾಗುತ್ತದೆ, ಕರುಳು ಪೂರ್ತಿ ಮಾಯಲು ವಯಸ್ಕರಿಗೆ ಎರಡು ವರ್ಷವೂ ಬೇಕಾಗಬಹುದು. ಆರು ತಿಂಗಳಿಗೆ, ವರ್ಷಕ್ಕೆ, ಆಮೇಲೆ ವರ್ಷಕ್ಕೊಮ್ಮೆ ಟಿಟಿಜಿ ನೋಡಿಸಿ. ಅದು ಇಳಿಯದಿದ್ದರೆ ಗೋಧಿ ಎಲ್ಲಿಂದಲೋ ಬರುತ್ತಿದೆ ಎಂದೇ ಹಿಡಿದು ಗಿರಣಿಯಿಂದ ಹುಡುಕಾಟ ಶುರುಮಾಡಿ. ಜೊತೆಗೆ ಹಿಮೋಗ್ಲೋಬಿನ್, ಫೆರಿಟಿನ್, ಬಿ12, ಫೋಲೇಟ್, ವಿಟಮಿನ್ ಡಿ, ಥೈರಾಯ್ಡ್ ನೋಡಿಸಬೇಕು. ವಯಸ್ಕರಿಗೆ ಮೂಳೆ ಸಾಂದ್ರತೆಯ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ. ಕಬ್ಬಿಣ ಮೈಗೆ ಹತ್ತಲು ಊಟದ ಬೇಳೆಗೆ ನಿಂಬೆಹುಳಿ ಹಿಂಡಿಕೊಳ್ಳಿ, ಊಟವಾದೊಡನೆ ಚಹಾ ಕುಡಿಯುವ ರೂಢಿಯನ್ನು ಒಂದೆರಡು ಗಂಟೆ ಮುಂದಕ್ಕೆ ಹಾಕಿ.

ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳು, ಇವರೆಲ್ಲ ಏನೂ ತೊಂದರೆ ಇಲ್ಲದಿದ್ದರೂ ಒಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಇಂಥ ಹತ್ತಿರದ ರಕ್ತಸಂಬಂಧಿಗಳಲ್ಲಿ ಹತ್ತರಲ್ಲೊಬ್ಬರಿಗೆ ಈ ಕಾಯಿಲೆ ಇರುವ ಸಂಭವವಿದೆ.

ಅಕಸ್ಮಾತ್ ಗೋಧಿ ಹೊಟ್ಟೆಗೆ ಹೋದರೆ ಅದನ್ನು ಇಳಿಸುವ ಔಷಧಿ ಯಾವುದೂ ಇಲ್ಲ, ಮಾರುವವರು ಬಂದರೆ ಕಳಿಸಿಬಿಡಿ. ನೀರು, ಮಜ್ಜಿಗೆ, ಭೇದಿಯಿದ್ದರೆ ಓಆರ್‌ಎಸ್, ಎರಡು ದಿನ ಮೆತ್ತಗಿನ ಅನ್ನ ಸಾಕು. ಎಲ್ಲಿ, ಏನು ತಿಂದಿರಿ ಎಂಬುದನ್ನು ಒಂದು ಡೈರಿಯಲ್ಲಿ ಬರೆದಿಡಿ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಪಥ್ಯ ಸರಿಯಿದ್ದರೂ ಮರಳಿ ಬಂದ ಭೇದಿ, ಇವುಗಳಲ್ಲಿ ಯಾವುದೇ ಕಂಡರೂ ಆ ಡೈರಿಯನ್ನು ಹಿಡಿದುಕೊಂಡೇ ವೈದ್ಯರ ಬಳಿಗೆ ಹೋಗಿ.